ಸ್ಪೇನಿನ ಬೀಗರ ಮನೆಯಲ್ಲಿ ಒಂದು ಖಾಲಿ ಕರಡಿಗೆ

ಗೋಕಾಕ ರೋಡ ಸ್ಟೇಶನ್

ನಾನು ಸುಲಭಕ್ಕೆ ಯಾರನ್ನೂ ನಂಬುವವಳಲ್ಲ. ಹಾಲಿನವಳು ಕಣ್ಣೆದುರಿಗೇ ಹಿಂಡಿ ಕೊಟ್ಟರೂ ಬೆರಳು ಅದ್ದಿ ನೋಡುತ್ತೇನೆ. ಅಂಥವಳು ಸಮುದ್ರ ದಾಟಿ, ಮಾತು ತಿಳಿಯದ ಬೀಗರ ಮನೆಯಲ್ಲಿ ಉಂಡು, ಮಲಗಿ, ಎದ್ದು ಬಂದೆನೆಂದರೆ ಅದಕ್ಕೆ ಒಂದೇ ಕಾರಣ. ನನಗೆ ಮೊಮ್ಮಗಳು ಹುಟ್ಟಿದ್ದಳು! ಓದುವವರು ಬೇಸರ ಮಾಡಿಕೊಳ್ಳಬಾರದು, ಈ ಮಾತು ಇಲ್ಲಿ ಮತ್ತೆ ಮತ್ತೆ ಬರುತ್ತದೆ. ನನ್ನ ಸಾಲಿ ಮೂರನೆಯ ಇಯತ್ತೆಗೆ ಮುಗಿದದ್ದು. ಸಂತೋಷವನ್ನು ಅಳತೆ ಮಾಡಿ ಬರೆಯುವುದನ್ನು ನನಗೆ ಯಾರೂ ಕಲಿಸಿಲ್ಲ.

ಜಗತ್ತಿನ ಮಹಾಯುದ್ಧಕ್ಕೆ ಸ್ವಲ್ಪ ಮೊದಲಿನ ಮಾತು. ನಮ್ಮದು ಕಲ್ಲೋಳಿಯಲ್ಲಿ ಕಬ್ಬಿನ ಗಾಣದ ಮನೆ. ಒಬ್ಬನೇ ಮಗ, ಈರಪ್ಪ. ಚಿಕ್ಕಂದಿನಲ್ಲಿ ಗಾಣದ ಗೋಡೆಯ ತುಂಬ ಇದ್ದಲಿಯಿಂದ ಎತ್ತು ಬರೆಯುತ್ತಿದ್ದ. ಸಂತೆಗೆ ಕರೆದುಕೊಂಡು ಹೋದರೆ ಗೋಕಾಕದ ಗೊಂಬೆ ಮಾಡುವವರ ಕಟ್ಟೆಯ ಮೇಲೆ ಕುಳಿತುಬಿಡುತ್ತಿದ್ದ, ಎಬ್ಬಿಸಿದರೂ ಏಳುತ್ತಿರಲಿಲ್ಲ. ಮುಂದೆ ಮುಂಬಯಿಗೆ ಹೋಗಿ ಚಿತ್ರ ಕಲಿತ. ಅಲ್ಲಿಂದ ಹಡಗು ಹತ್ತಿದ. ಸ್ಪೇನ್ ಎಂಬ ದೇಶದಲ್ಲಿ ಸತ್ತುಹೋದ ಒಬ್ಬ ಚಿತ್ರಗಾರನ ಚಿತ್ರ ನೋಡಲು ಹೋದವನು ಆ ಚಿತ್ರಗಾರನ ಮಗಳನ್ನೇ ಮದುವೆಯಾಗಿ ಅಲ್ಲೇ ಉಳಿದ. ಏನೋ ಮದ್ದು ಹಾಕಿದ್ದಾರೆ ಎಂದು ನನಗೆ ಆಗಲೇ ಅನಿಸಿತ್ತು.

ನಮ್ಮ ಯಜಮಾನರು ಅವನ ಹೆಸರು ಹಿಡಿಯುವುದನ್ನೇ ಬಿಟ್ಟಿದ್ದರು. ಕೂಸು ಹುಟ್ಟಿದ ಸುದ್ದಿ ಬಂದ ದಿನ ಬೆಲ್ಲದ ಕೊಪ್ಪರಿಗೆಯ ಮುಂದೆ ಕುಳಿತು ಅಂದರು:

"ನೀ ಹೋಗು. ಕೂಸಿಗೆ ಲಿಂಗಾ ಕಟ್ಟಿ ಬಾ. ಕಟ್ಟಿ ಬಂದ್ರ ಅದು ನಮ್ಮನಿ ಕೂಸು. ಅವ್ರು ಕಟ್ಟಾಕ ಬಿಡಲಿಲ್ಲಂದ್ರ, ಆ ಮನೀ ಸುದ್ದಿ ಇನ್ನ ನನ್ನ ಮುಂದ ತಗೀಬ್ಯಾಡ."

"ನೀವೂ ಬರ್ರೆಲ್ಲ."

"ನಾ ಬಂದ್ರ ಗಾಣಾ ಯಾರ ನಿಮ್ಮಪ್ಪ ತಿರುವ್ತಾನೇನ?"

ಮಠದ ಸ್ವಾಮಿಗಳಾದ ಅಜ್ಜನವರು ಪೂಜೆ ಮಾಡಿದ ಪುಟ್ಟ ಲಿಂಗವನ್ನು ನನ್ನ ಕೈಗೆ ಕೊಟ್ಟು, ಕಟ್ಟುವ ಬಗೆ ಹೇಳಿಕೊಟ್ಟರು. ಅದನ್ನು ವಿಭೂತಿಯ ಚೀಲದಲ್ಲಿ ಇಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಲಿಂಗ ಇಡುವ ಬೆಳ್ಳಿಯ ಕರಡಿಗೆಯನ್ನು, ಕೂಸಿನ ಮುಷ್ಟಿಯಷ್ಟೇ ದೊಡ್ಡದನ್ನು, ಹೊಸದಾಗಿ ಮಾಡಿಸಿ ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟೆ. ಅದರ ಜೊತೆಗೆ ಕರದಂಟು, ಗೋಕಾಕದ ಬಣ್ಣದ ಕಟ್ಟಿಗೆ ಹಣ್ಣುಗಳು, ಒಂದು ಗೋಣಿಯಷ್ಟು ಖಡಕ್ ರೊಟ್ಟಿ. ಗೋಕಾಕ ರೋಡ ಸ್ಟೇಶನ್ನಿನಲ್ಲಿ ಮುಂಬಯಿಯ ಗಾಡಿ ಹತ್ತಿದೆ.

ಹಡಗು

ನನಗೆ ಜೊತೆಯಾದವಳು ಹುಕ್ಕೇರಿಯ ಗಂಗವ್ವ. ಅವಳ ಗಂಡ ಮುಂಬಯಿಯಲ್ಲಿ ಹತ್ತಿಯ ವ್ಯಾಪಾರಿ. ಗಂಡ ಹೆಂಡತಿ ಲಂಡನ್ನಿಗೆ ಹೊರಟಿದ್ದರು. ನಾನು ನಡುದಾರಿಯಲ್ಲಿ ಜಿಬ್ರಾಲ್ಟರ ಎಂಬಲ್ಲಿ ಇಳಿಯಬೇಕು.

ಹಡಗಿನಲ್ಲಿ ನನ್ನ ಸಂಶಯಕ್ಕೆ ಕೈತುಂಬ ಕೆಲಸ. ಸ್ನಾನದ ಕೋಣೆಯಲ್ಲಿ ನಳ ತಿರುವಿ ಚೆಂಬು ಹಿಡಿದರೆ ಉಪ್ಪು ನೀರು. ಯಾರೋ ಬೇಕೆಂದೇ ಉಪ್ಪು ಕಲಸಿದ್ದಾರೆಂದು ನಾನು ಕೂಗಾಡಿದೆ. ಬಿಳಿ ಅಂಗಿಯ ಆಳು ಓಡಿ ಬಂದು ಕಿಟಕಿಯಿಂದ ಸಮುದ್ರ ತೋರಿಸಿದ. ಅಷ್ಟು ದೂರದಿಂದ ಕಲಸಿ ತರುತ್ತಾರಂತೆ! ಗಂಗವ್ವ ನಕ್ಕು ನಕ್ಕು ಹಾಸಿಗೆಯ ಮೇಲೆ ಬಿದ್ದಳು.

"ಯಕ್ಕಾ, ನೀ ಸಮುದ್ರದಾಗೂ ಬಟ್ಟ ಅದ್ದಿ ನೋಡತೀಯಲ್ಲ! ಹಿಂಗಾದ್ರ ಬೀಗರ ಮನ್ಯಾಗ ಹೆಂಗ ಇರ್ತಿ?"

"ಕಣ್ಣ ತಗದ ಇರತೇನಿ," ಅಂದೆ.

ಊಟದ ಮನೆಯಲ್ಲಿ ತಾಟುಗಳು ಬಂದವು, ಹೋದವು. ನಾನು ಮುಟ್ಟಲಿಲ್ಲ. ಕೋಣೆಯಲ್ಲಿ ಕುಳಿತು ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿಕೊಂಡು ತಿಂದೆ. ಪಕ್ಕದ ಕೋಣೆಯ ದೊರೆಸಾನಿ ನಾನು ರೊಟ್ಟಿ ಮುರಿಯುವ ಸದ್ದಿಗೆ ಹೆದರಿ, ಹಡಗಿನ ಹಲಗೆ ಸೀಳುತ್ತಿದೆ ಎಂದು ದೂರು ಕೊಟ್ಟಳಂತೆ. ಸಂಶಯ ನನ್ನೊಬ್ಬಳಿಗೇ ಇಲ್ಲ ಎಂದು ಆ ದಿನ ಸ್ವಲ್ಪ ಸಮಾಧಾನವಾಯಿತು.

ಜಿಬ್ರಾಲ್ಟರ

ಮಗನನ್ನು ನಾನು ಗುರುತಿಸಲಿಲ್ಲ. ತಲೆಯ ಮೇಲೆ ಟೊಪ್ಪಿಗೆ, ಮೀಸೆಗೆ ಎಣ್ಣೆ. ಅವನು "ಅವ್ವಾ!" ಎಂದು ಕಾಲಿಗೆ ಬಿದ್ದಾಗ ಮೊದಲು ಅವನ ಕೊರಳಿಗೆ ಕೈ ಹಾಕಿ ನೋಡಿದೆ. ಲಿಂಗದ ಶಿವದಾರ ಇತ್ತು. ಆಮೇಲೆ ಅತ್ತುಬಿಟ್ಟೆ.

ಸ್ಪೇನಿನ ಗಡಿಯಲ್ಲಿ ಜಕಾತಿಯವನು ನನ್ನ ಟ್ರಂಕು ತೆರೆಸಿದ. ಅವನ ಮೀಸೆ ಎತ್ತಿನ ಕೋಡಿನಷ್ಟಿತ್ತು. ಹಸಿ ಹಣ್ಣು ಒಳಗೆ ಬಿಡುವುದಿಲ್ಲ ಎಂದು ಗೋಕಾಕದ ಬಾಳೆಹಣ್ಣನ್ನು ಎತ್ತಿ ಹಿಡಿದ. ಕಟ್ಟಿಗೆಯದೆಂದು ಈರಪ್ಪ ಎಷ್ಟು ಹೇಳಿದರೂ ನಂಬದೆ ಸಿಪ್ಪೆ ಬಿಡಿಸಲು ಹೋಗಿ ಉಗುರು ಮುರಿದುಕೊಂಡ. ನಮ್ಮ ಗೊಂಬೆಯವರು ಇಷ್ಟು ದೂರದವರನ್ನೂ ಮೋಸ ಮಾಡಿದರಲ್ಲ ಎಂದು ನನಗೆ ಹೆಮ್ಮೆ. ಆ ದೇಶ ಆ ಮೋಸವನ್ನು ನನಗೆ ತಿರುಗಿ ಕೊಡಲಿದೆ ಎಂದು ಆಗ ಗೊತ್ತಿರಲಿಲ್ಲ.

ಬಂಡಿಯಲ್ಲಿ ಕುಳಿತ ಮೇಲೆ ಕೇಳಿದೆ: "ಕೂಸಿಗೆ ಲಿಂಗಾ ಕಟ್ಟೂದು ನಿಮ್ಮತ್ತಿಗೆ ಹೇಳಿಯೇನು?"

ಅವನು ಕುದುರೆಯ ಬಾಲ ನೋಡತೊಡಗಿದ. "ಹೇಳತೇನಿ ಬೇ. ಅವರಿಗೂ ಕೂಸಿನ ತಲೀ ಮ್ಯಾಲ ಪಾದ್ರಿ ಕಡೆ ನೀರ ಹಾಕಸಬೇಕಂತ ಐತಿ. ನೀ ಬರೂತನಾ ತಡೀರಿ ಅಂದೇನಿ. ಸ್ವಲ್ಪ ದಿನಾ ನೀನೂ ಸುಮ್ಮನಿರು."

ಸುಮ್ಮನಿರು ಎಂದರೆ ಅಲ್ಲಿ ಏನೋ ಇದೆ ಎಂದೇ ಅರ್ಥ.

ಬಿಳಿ ಊರು

ಸಮುದ್ರದ ದಂಡೆಯ ಗುಡ್ಡದ ಮೇಲೆ ಸುಣ್ಣ ಬಳಿದ ಊರು. ಆಕಾಶ ತಿಳಿಯಾದ ದಿನ ಆಚೆ ದಂಡೆಯಲ್ಲಿ ಆಫ್ರಿಕಾದ ಗುಡ್ಡಗಳು ಕಾಣುತ್ತವೆ. ಬಿಸಿಲು ಮಾತ್ರ ನಮ್ಮ ಕಲ್ಲೋಳಿಯ ಹೊಲದ ಬಿಸಿಲೇ.

ಮೊಮ್ಮಗಳನ್ನು ಕಂಡ ಗಳಿಗೆಯನ್ನು ಏನೆಂದು ಬರೆಯಲಿ? ಬೆಲ್ಲದ ಪಾಕ ಏರುವಾಗ ಬರುತ್ತದಲ್ಲ, ಆ ಬಣ್ಣ. ನಮ್ಮ ಯಜಮಾನರ ಹಣೆ. ನನ್ನನ್ನು ನೋಡಿದವಳೇ ಹುಬ್ಬು ಗಂಟಿಕ್ಕಿ ಸಂಶಯದಿಂದ ನೋಡಿದಳು. ಇವಳು ನಮ್ಮ ಮನೆಯವಳೇ ಎಂದು ಖಾತ್ರಿಯಾಯಿತು! ಸೊಸೆ ಇನೇಸ್ ಬಂದು ನನ್ನ ಕೈಗೆ ಮುತ್ತು ಕೊಟ್ಟಳು. ಬಡಕಲು ಹುಡುಗಿ, ಕಣ್ಣು ಒಳ್ಳೆಯವು. ಅವಳನ್ನು ಇನವ್ವ ಎಂದು ಕರೆದೆ.

ಬಾಗಿಲಲ್ಲಿ ಬೀಗತಿ, ಇನವ್ವನ ತಾಯಿ, ನಿಂತಿದ್ದಳು. ಅಡಿಯಿಂದ ಮುಡಿಯವರೆಗೆ ಕಪ್ಪು ಬಟ್ಟೆ. ಅವಳು ನನ್ನ ಮುಖ ನೋಡಲಿಲ್ಲ. ಮೊದಲು ಹಣೆಯ ವಿಭೂತಿ ನೋಡಿದಳು, ಆಮೇಲೆ ನನ್ನ ಎದೆಯ ಮೇಲಿನ ಕರಡಿಗೆ ನೋಡಿದಳು. ನನ್ನ ಮಗನನ್ನು ಏನೋ ಕೇಳಿದಳು.

"ಏನಂತ?"

"ನಿಮ್ಮವ್ವ ದಿನಾ ಬೂದಿ ಹಚ್ಚತಾರೇನು ಅಂತ ಕೇಳಾಕತ್ತಾರ. ಇವರು ವರ್ಷಕ್ಕ ಒಂದ ದಿನಾ ಹಚ್ಚತಾರ. ಸಾವು ನೆನಪಿರಲಿ ಅಂತ."

ಒಳಗೆ ಅಡಿಗೆಮನೆಯ ತೊಲೆಗೆ ಎರಡು ತಂಬೂರಿ ತೂಗುಹಾಕಿದ್ದರು. ಭಜನೆಯ ಮನೆ ಎಂದು ಮನಸ್ಸು ಸ್ವಲ್ಪ ತಣ್ಣಗಾಯಿತು. ಹತ್ತಿರ ಹೋಗಿ ಕೈ ಮುಗಿಯಬೇಕೆಂದರೆ ಗೊರಸು ಕಂಡಿತು. ಹಂದಿಯ ತೊಡೆ! ಉಪ್ಪು ಹಾಕಿ ಒಣಗಿಸಿದ್ದು! ನಾನು ಅಂಗಳಕ್ಕೆ ಹಾರಿದೆ. ಇನವ್ವ ಪಾಪ, ಅದೇ ದಿನ ಅವನ್ನು ಇಳಿಸಿ ನೆರೆಮನೆಗೆ ಸಾಗಿಸಿದಳು. ನನಗೆ ಅಂಗಳದಲ್ಲಿ ಬೇರೆ ಒಲೆ ಹೂಡಿಕೊಟ್ಟಳು.

ಇನ್ನೊಂದು ವಿಚಿತ್ರ ಕೇಳಿ. ಬೀಗತಿಗೆ ಕರದಂಟು ಕೊಟ್ಟೆ. ತಿಂದು "ಸೀ, ಸೀ" ಅಂದಳು. ಸಿಹಿಗೆ ಸೀ ಎನ್ನುವ ನಮ್ಮ ಮಾತು ಬರುತ್ತದೆಯಲ್ಲ ಎಂದು ಹಿಗ್ಗಿದೆ. ಮಜ್ಜಿಗೆ ಕೊಟ್ಟೆ, ಅದಕ್ಕೂ "ಸೀ". ಹಸಿಮೆಣಸಿನಕಾಯಿ ಚಟ್ನಿ ಬೇಕೇ ಎಂದು ಸನ್ನೆ ಮಾಡಿದೆ, "ಸೀ, ಸೀ". ಖಾರವನ್ನೂ ಸೀ ಎನ್ನುವವಳ ಯಾವ ಮಾತನ್ನು ನಂಬುವುದು? ಅಲ್ಲಿ ಸೀ ಎಂದರೆ ಹೌದು ಎಂದರ್ಥ ಎಂದು ಮಗ ಹೇಳುವಷ್ಟರಲ್ಲಿ ಬೀಗತಿ ಚಟ್ನಿ ನುಂಗಿ ಕಣ್ಣೀರು ಸುರಿಸುತ್ತ ಕುಳಿತಿದ್ದಳು.

ನಾನು ಕೂಸನ್ನು ಎತ್ತಿಕೊಂಡಾಗಲೆಲ್ಲ ಬೀಗತಿ ಬಂದು ನಿಲ್ಲುತ್ತಿದ್ದಳು. ಕೂಸು ನನ್ನ ಕರಡಿಗೆಗೆ ಕೈ ಹಾಕಿದರೆ ಸಾಕು, ಮೆಲ್ಲಗೆ ಕೈ ಬಿಡಿಸಿ ಎತ್ತಿಕೊಂಡು ಹೋಗುತ್ತಿದ್ದಳು. ನನ್ನ ಮೊಮ್ಮಗಳನ್ನು! ನನ್ನ ಕೈಯಿಂದ!

ಎಸ್ತೇಬಾನ ಸಾಹೇಬರ ಚಿತ್ರಗಳು

ಆ ಮನೆಯ ಗೋಡೆ ಗೋಡೆಗೂ ಚಿತ್ರ. ಎಲ್ಲವನ್ನೂ ಬರೆದವರು ಬೀಗತಿಯ ಗಂಡ ಎಸ್ತೇಬಾನ ಸಾಹೇಬರು. ಈರಪ್ಪ ಒಂದೊಂದರ ಮುಂದೆಯೂ ನನ್ನನ್ನು ನಿಲ್ಲಿಸಿ ಅವರ ಕಥೆ ಹೇಳಿದ. ಕುದುರೆಯ ಜೀನು ಹೊಲಿಯುವವನ ಮಗ. ಜೀನಿನ ತೊಗಲಿನ ಮೇಲೆ ಮೊಳೆಯಿಂದ ಗೀಚುತ್ತಿದ್ದದ್ದನ್ನು ನೋಡಿ ಊರಿನ ಹಿರಿಯರು ಕಲಿಯಲು ರೋಮಿಗೆ ಕಳಿಸಿದರು. ಅಲ್ಲಿಂದ ಬಂದು ಸಾಯುತ್ತಿರುವ ಒಬ್ಬ ರಾಜನ ಚಿತ್ರ ಬರೆದರು, ಗೋಡೆಯಷ್ಟು ದೊಡ್ಡದು. ಅದಕ್ಕೆ ರಾಜಧಾನಿಯಲ್ಲಿ ಪದಕ ಕೊಟ್ಟರು. ಆದರೆ ಸಾಯುವ ರಾಜನನ್ನು ಮನೆಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಪ್ಯಾರಿಸಿನ ವ್ಯಾಪಾರಿಗಳು, ನಮಗೆ ಅರಬರ ಚಿತ್ರ ಬೇಕು, ರುಮಾಲು, ಕತ್ತಿ, ರತ್ನಗಂಬಳಿ ಬೇಕು ಎಂದರು. ಸಾಹೇಬರು ಅರ್ಧ ಆಯುಷ್ಯ ಅದನ್ನೇ ಬರೆದರು. ಸುಲ್ತಾನರು, ಕಾವಲುಗಾರರು, ಹಾವಾಡಿಗರು. ಹೆಸರು ದೇಶ ದೇಶಕ್ಕೆ ಹೋಯಿತು.

"ಆ ಆಚಿ ದಂಡಿಗೆ ಹೋಗಿ ನೋಡಿ ಬರದಾರೇನು?"

ಮಗ ನಕ್ಕ. "ಇಲ್ಲ ಬೇ. ಹಡಗಂದ್ರ ವಾಂತಿ ಬರ್ತಿತ್ತಂತ. ಒಮ್ಮಿನೂ ಹೋಗಲಿಲ್ಲ."

"ಕಣ್ಣಿಗೆ ಕಾಣೋ ಊರಿಗೆ ಹೋಗದ, ಹೋಗಿ ಬಂದಂಗ ಬರದ್ರು?"

"ಹಾಂ."

"ಮೋಸಗಾರ."

"ಅವ್ವಾ! ಅವರು ನನ್ನ ಗುರುಗಳಿದ್ದಂಗ."

"ಅದಕ್ಕ ಹೇಳಿದೆ."

ಆಮೇಲೆ ಬೀದಿಯಲ್ಲಿ ನಡೆದರೆ ನನಗೆ ಒಂದು ತಮಾಷೆ. ನೀರು ಮಾರುವ ಮುದುಕ ಬಂದ, ಅವನು ಪಡಸಾಲೆಯ ಸುಲ್ತಾನ! ರೊಟ್ಟಿ ಭಟ್ಟಿಯ ಮುಂದೆ ಕುಳಿತ ಹಲ್ಲಿಲ್ಲದವನು ಕತ್ತಿ ಹಿರಿದ ಕಾವಲುಗಾರ! ಊರವರಿಗೇ ರುಮಾಲು ಸುತ್ತಿ ಕೂರಿಸಿದ್ದರು ಸಾಹೇಬರು. ಕೊನೆಗೆ ಪ್ಯಾರಿಸಿನವರಿಗೂ ಅರಬರು ಸಾಕಾದರು, ಕೊಳ್ಳುವವರು ನಿಂತುಹೋದರು. ಚಿತ್ರಗಳು ಸುರುಳಿಯಾಗಿ ಮಂಚದ ಕೆಳಗೆ ಸೇರಿದವು. ಸಾಹೇಬರು ಚರ್ಚಿನ ಸಂತರ ಮಾಸಿದ ಮುಖಕ್ಕೆ ಬಣ್ಣ ತುಂಬುತ್ತ ಮುದುಕರಾದರು. ಒಂದು ಕಿತ್ತಳೆಹಣ್ಣು ಬರೆಯುತ್ತ, ಅರ್ಧಕ್ಕೆ ಬಿಟ್ಟು ಸತ್ತರು.

ಎಲ್ಲ ಕೋಣೆ ತೋರಿಸಿದ ಮಗ ಒಂದು ಕೋಣೆ ತೋರಿಸಲಿಲ್ಲ. ಸಾಹೇಬರು ಕುಳಿತು ಬರೆಯುತ್ತಿದ್ದ ಮಾಳಿಗೆಯ ಕೋಣೆ. ಅದರ ಕೀಲಿ ಬೀಗತಿಯ ಸೊಂಟದಲ್ಲಿ.

"ಅಲ್ಲಿ ಯಾರನ್ನೂ ಬಿಡೂದಿಲ್ಲ ಅವರು," ಅಂದ.

ಹಗಲು ನಿದ್ದೆ

ಆ ಊರಿನ ಒಂದು ಚಾಳಿ ನನ್ನನ್ನು ಬಹಳ ಕಾಡಿತು. ಮಧ್ಯಾಹ್ನ ಉಂಡದ್ದೇ ತಡ, ಅಂಗಡಿ, ಕಚೇರಿ, ಮನೆ ಎಲ್ಲ ಬಾಗಿಲು ಹಾಕಿ ಮಲಗಿಬಿಡುತ್ತವೆ. ನಮ್ಮಲ್ಲಿ ಆ ಹೊತ್ತಿಗೆ ಕಬ್ಬು ಕಡಿಯುತ್ತಿರುತ್ತಾರೆ. ಹಾಡುಹಗಲೇ ಊರೆಲ್ಲ ಕಣ್ಣು ಮುಚ್ಚಿತೆಂದರೆ ಯಾರೋ ಒಬ್ಬರು ತೆರೆದಿರಲೇಬೇಕು. ನಾನು ಕಾದು ನೋಡಿದೆ. ಬೀಗತಿ ಮಲಗುತ್ತಿರಲಿಲ್ಲ. ಶಾಲಿನ ಒಳಗೆ ಏನನ್ನೋ ಹಿಡಿದುಕೊಂಡು ಮಾಳಿಗೆ ಹತ್ತುತ್ತಿದ್ದಳು.

ಒಂದು ದಿನ ಟ್ರಂಕು ತೆಗೆದರೆ ಕೂಸಿನ ಕರಡಿಗೆ ಇಲ್ಲ.

ಸೀರೆ ಕೊಡವಿದೆ, ರೊಟ್ಟಿಯ ಗೋಣಿ ಸುರುವಿದೆ. ಇಲ್ಲ. ಲಿಂಗ ನನ್ನ ಸೊಂಟದಲ್ಲೇ ಇತ್ತು, ಸರಿ. ಆದರೆ ಬೀಗತಿಗೆ ಎಲ್ಲ ಗೊತ್ತಾಗಿದೆ, ಲಿಂಗ ಕಟ್ಟಬಾರದೆಂದೇ ಕದ್ದಿದ್ದಾಳೆ ಎಂದು ತಿಳಿಯಲು ನನಗೆ ಹೊತ್ತು ಹಿಡಿಯಲಿಲ್ಲ. ಮಲಗಿದ್ದ ಮಗನನ್ನೂ ಎಬ್ಬಿಸದೆ ಮಾಳಿಗೆ ಹತ್ತಿದೆ. ಬಾಗಿಲು ತೆರೆದಿತ್ತು.

ಬೀಗತಿ ಕುರ್ಚಿಯಲ್ಲಿ ನನಗೆ ಬೆನ್ನು ಮಾಡಿ ಕುಳಿತಿದ್ದಳು. ಮುಂದಿನ ಮೇಜಿನ ಮೇಲೆ ನಮ್ಮ ಕರಡಿಗೆ. ಕೂಗಬೇಕೆಂದು ಬಾಯಿ ತೆರೆದೆ. ಆಗ ಗೋಡೆಯ ಮೇಲಿನ ಚಿತ್ರ ಕಂಡಿತು.

ಒಬ್ಬ ಹಿರಿಯರು. ತಲೆಗೆ ರುಮಾಲು, ಎದೆಯವರೆಗೆ ಬಿಳಿ ಗಡ್ಡ, ಮೈಮೇಲೆ ಕಾವಿ ಬಣ್ಣದ ನಿಲುವಂಗಿ. ಎದೆಯ ನಡುವೆ, ದಾರದಲ್ಲಿ, ದುಂಡಗಿನ ಬೆಳ್ಳಿ ಕರಡಿಗೆ! ಎಡಗೈ ಅದರ ಮೇಲೆ. ನಮ್ಮ ಸ್ವಾಮಿಗಳು! ನನಗರಿವಿಲ್ಲದೆ ಮೊಣಕಾಲೂರಿ ಹಣೆಯನ್ನು ನೆಲಕ್ಕೆ ಹಚ್ಚಿದೆ. ಹಣೆ ನೆಲದಲ್ಲಿರುವಾಗಲೇ ಸಂಶಯ ಬಂತು. ನಮ್ಮ ಸ್ವಾಮಿಗಳು ಇಲ್ಲಿ ಹೇಗೆ? ಯಾವಾಗ ಬಂದರು? ತಿರುಗಿ ಹೋದರೋ ಇಲ್ಲವೋ? ಅವರನ್ನು ಏನು ಮಾಡಿದರು ಈ ಜನ?

"ಎಲ್ಲದಾರ ಇವ್ರು? ಏನ ಮಾಡಿದ್ರಿ ಇವರನ್ನ?" ಎಂದು ನಾನು ಚೀರಿದೆ. ಬೀಗತಿ ತಿರುಗಿದಳು, ಅವಳೂ ಚೀರಿದಳು. ಕೆಳಗೆ ಕೂಸೂ ಚೀರಿತು. ಊರಿನ ಹಗಲು ನಿದ್ದೆಗೆ ಅವತ್ತು ಕಲ್ಲು ಬಿತ್ತು.

ಈರಪ್ಪ ಅರ್ಧ ಅಂಗಿಯಲ್ಲಿ ಓಡಿ ಬಂದ. ಹಿಂದೆ ಇನವ್ವ, ಕೂಸಿನ ಸಮೇತ.

"ಕೇಳು ಅಕಿನ್ನ! ನಮ್ಮ ಸ್ವಾಮಿಗೋಳನ್ನ ಏನ ಮಾಡಿದ್ರು, ಕೇಳು! ಕೂಸಿನ ಕರಡಿಗಿ ಯಾಕ ಕದ್ದಾಳ, ಕೇಳು!"

ಅವನು ಕೇಳಿದ. ಬೀಗತಿ ಚಿತ್ರ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ತನ್ನ ಎದೆಯ ಮೇಲೆ ಬೆರಳಿಟ್ಟು ಒಂದೇ ಮಾತು ಹೇಳಿದಳು.

"ಅವ್ವಾ… ಅದು ನಾನು ಅನ್ನಾಕತ್ತಾರ."

"ಏನು ನಾನು?"

"ಚಿತ್ರದಾಗಿನವರು. ಊರಾಗಿನ ಗಂಡಸ್ರನ್ನೆಲ್ಲ ಬರದ ಮುಗದಿತ್ತಂತ. ಮಾವನವರು ಇವರಿಗೆ ರುಮಾಲ ಸುತ್ತಿ, ಮೇಕಿ ಕೂದಲದ ಗಡ್ಡಾ ಅಂಟಿಸಿ ಕುಂಡ್ರಿಸಿದ್ರಂತ."

ಜಕಾತಿಯವನ ಮುರಿದ ಉಗುರು ನನಗೆ ನೆನಪಾಯಿತು.

"ಮತ್ತ ಕರಡಿಗಿ?"

ಬೀಗತಿ ಕಪ್ಪು ಬಟ್ಟೆಯ ಒಳಗಿಂದ ದಾರ ಎಳೆದಳು. ಅದರ ತುದಿಯಲ್ಲಿ, ಚಿತ್ರದಲ್ಲಿದ್ದದ್ದೇ, ದುಂಡಗಿನ ಬೆಳ್ಳಿ ಡಬ್ಬಿ. ಮುಚ್ಚಳ ತೆಗೆದು ನನ್ನ ಕಡೆ ಹಿಡಿದಳು. ಒಳಗೆ ಒಂದು ಎಳೆಯ ಕೂದಲ ಸುರುಳಿ. ಬೆಲ್ಲದ ನೊರೆಯಂಥ ಬಣ್ಣ.

ಮಗ ಹೇಳುತ್ತ ಹೋದ. ಅವನ ದನಿ ಸಣ್ಣದಾಗುತ್ತ ಹೋಯಿತು. "ಕೂದಲಾ ಇವರ ಮದಲನೇ ಕೂಸಿಂದಂತ. ಹೆಣ್ಣು. ನಡ್ಯಾಕ ಕಲಿಯೂದರಾಗ ಹೋತಂತ. ಈ ಡಬ್ಬಿ ತಗದಿಡು, ಅರಬನ ಕೊಳ್ಳಾಗ ಇದು ಇರೂದಿಲ್ಲ ಅಂತ ಮಾವನವರು ಅಂದ್ರಂತ. ನಾ ತಗಿಯೂದಿಲ್ಲ ಅಂದ್ರಂತ ಇವರು. ಅದಕ್ಕ ಇದ್ದಂಗ ಬರದ್ರಂತ. ಕೊಳ್ಳಾಕ ಬಂದ್ರೂ ಇದನ್ನ ಮಾರಲಿಲ್ಲಂತ."

ಬೀಗತಿ ಮೇಜಿನ ಮೇಲಿನ ನಮ್ಮ ಪುಟ್ಟ ಕರಡಿಗೆ ಎತ್ತಿಕೊಂಡು ನನ್ನ ಮುಖದ ಮುಂದೆ ಹಿಡಿದಳು. ಈ ಸಲ ಮಾತು ಜೋರಾಗಿತ್ತು.

"ಏನಂತ?"

"ನೀ ದಿನಾ ಸಾವಿನ ಬೂದಿ ಹಚಗೊಂಡ ಬರ್ತಿ. ನಿನ್ನ ಕೊಳ್ಳಾಗ ಡಬ್ಬಿ ಐತಿ, ನೀನೂ ಒಂದ ಕೂಸ ಕಳಕೊಂಡಿ, ಅದು ನನಗ ತಿಳೀತು. ಆದ್ರ ಪೆಟಗ್ಯಾಗ ಇನ್ನೊಂದ ಸಣ್ಣ ಡಬ್ಬಿ ತಂದಿ. ಅದು ಖಾಲಿ ಐತಿ. ಅದು ಯಾರಿಗೆ ಕಾಯಾಕತ್ತೈತಿ?"

ಬಂದ ದಿನದಿಂದ ನಾನು ಅವಳನ್ನು ಹೇಗೆ ನೋಡುತ್ತಿದ್ದೆನೋ, ಅವಳು ನನ್ನನ್ನು ಅದಕ್ಕಿಂತ ಹೆಚ್ಚು ಹೆದರಿ ನೋಡುತ್ತಿದ್ದಳು. ಮೊಮ್ಮಗಳ ಕೂದಲು ಹಾಕಲು ಡಬ್ಬಿ ಹಿಡಿದು ಬಂದ ಸಾವು ನಾನು!

ಅಂಗಳದ ನೀರು

"ಅಕಿಗೆ ಹೇಳು, ಅಲ್ಲೇ ಕುಂಡ್ರು ಅಂತ," ಎಂದು ನಾನು ಕೆಳಗಿಳಿದು ಬಾವಿಯ ನೀರು ಮೈಮೇಲೆ ಹೊಯ್ದುಕೊಂಡು ಬಂದೆ. ಹೊತ್ತಲ್ಲದ ಹೊತ್ತು. ಆದರೂ ನನ್ನ ಕರಡಿಗೆ ಬಿಚ್ಚಿ, ಲಿಂಗವನ್ನು ಎಡಗೈಯ ಅಂಗೈಯಲ್ಲಿಟ್ಟು ಅವಳ ಮುಂದೆ ಪೂಜೆ ಮಾಡಿದೆ. ಬೇರೆಯವರ ಕಣ್ಣಿಗೆ ಹೀಗೆ ತೋರಿಸುವುದಿಲ್ಲ. ತೋರಿಸಿದೆ. ಕಪ್ಪು ಹೊಳಪಿನಲ್ಲಿ ಕಿಟಕಿಯ ಬೆಳಕು ಸಣ್ಣದಾಗಿ ಕಾಣುತ್ತಿತ್ತು.

"ಹೇಳಪಾ ಅಕಿಗೆ. ಇದರಾಗ ಸತ್ತವರು ಯಾರೂ ಇಲ್ಲ. ನಾ ಹುಟ್ಟಿದಾಗ ನಮ್ಮಮ್ಮ ಕಟ್ಟಿದ್ದು. ಜೀವಾ ಇರೂತನಾ ಮೈಮ್ಯಾಲ ಇರ್ತೈತಿ. ಕೂಸಿನ ಡಬ್ಬಿ ಖಾಲಿ ಐತಿ, ಯಾಕಂದ್ರ ಅದರಾಗ ಇಡೂದು ನನ್ನ ನಡದಾಗ ಐತಿ."

ಚೀಲ ಬಿಚ್ಚಿ ಪುಟ್ಟ ಲಿಂಗ ತೆಗೆದೆ. ಬೀಗತಿ ಬಗ್ಗಿ ಬಹಳ ಹೊತ್ತು ನೋಡಿದಳು. ಹಾಲಿಗೆ ಬೆರಳು ಅದ್ದಿ ನೋಡುವ ನನ್ನ ಹಾಗೆಯೇ ನೋಡಿದಳು. ಆಮೇಲೆ ಕರಡಿಗೆಯನ್ನು ತನ್ನ ಶಾಲಿನ ತುದಿಯಿಂದ ಒರೆಸಿ, ತೆರೆದು, ನನ್ನ ಮುಂದೆ ಹಿಡಿದಳು.

"ಸೀ," ಅಂದಳು.

ಸೊಸೆ ಅಳತೊಡಗಿದಳು. ನಾನು ಅಳಲಿಲ್ಲ ಎಂದು ಬರೆದರೆ ನೀವು ನಂಬಬೇಡಿ.

ಮುಂದಿನ ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಅವರ ನೀರಾಯಿತು. ನಾನು ಬಾಗಿಲಲ್ಲಿ ನಿಂತು ನೋಡಿದೆ, ಪಾದ್ರಿ ನೀರನ್ನು ಕಿವಿಗೆ ಬಿಡುತ್ತಾನೋ ಎಂದು ಕಣ್ಣಿಟ್ಟೆ. ಮಧ್ಯಾಹ್ನ ಅಂಗಳದಲ್ಲಿ, ಬೀಗತಿಯ ತೊಡೆಯ ಮೇಲೆ ಕೂಸನ್ನಿಟ್ಟು, ಅಜ್ಜನವರು ಹೇಳಿದಂತೆ ನಾನು ಲಿಂಗ ಕಟ್ಟಿದೆ. ನೀಲವ್ವ ಎಂದು ಹೆಸರಿಟ್ಟೆ. ಬೀಗತಿಯ ಬಾಯಲ್ಲಿ ಅದು "ನಿಲಾಬಾ" ಆಯಿತು. ನೀಲವ್ವ ಎರಡು ಕೈಯಿಂದ ಕರಡಿಗೆ ಹಿಡಿದು ಬಾಯಿಗೆ ಹಾಕಿಕೊಂಡಳು. ನಾವಿಬ್ಬರೂ ಒಮ್ಮೆಗೇ ಕೂಗಿದೆವು, ಅವಳು ಅವಳ ಮಾತಿನಲ್ಲಿ, ನಾನು ನನ್ನ ಮಾತಿನಲ್ಲಿ.

ಕಲ್ಲೋಳಿ

ಹೊರಡುವ ದಿನ ಬೀಗತಿ ಬಟ್ಟೆಯಲ್ಲಿ ಸುತ್ತಿದ ಹಲಗೆಯೊಂದನ್ನು ನನ್ನ ಕೈಗಿಟ್ಟಳು. ನಾನು ಅಲ್ಲೇ ಬಿಚ್ಚಿ ನೋಡಿದೆ. ಅವಳು ನಕ್ಕಳು, ನನ್ನ ಸ್ವಭಾವ ತಿಳಿದಿತ್ತು. ಮಾಳಿಗೆಯ ಚಿತ್ರಕ್ಕೆ ಮೊದಲು ಸಾಹೇಬರು ಗುರುತಿಗಾಗಿ ಬರೆದುಕೊಂಡಿದ್ದ ಸಣ್ಣ ಚಿತ್ರ. ಅದೇ ರುಮಾಲು, ಅದೇ ಗಡ್ಡ, ಅದೇ ಕರಡಿಗೆ.

ಮನೆ ಮುಟ್ಟಿದಾಗ ಯಜಮಾನರು ಗಾಣದಲ್ಲಿದ್ದರು. ನಾನು ಚಿತ್ರವನ್ನು ಪಡಸಾಲೆಯ ಗೂಡಿನಲ್ಲಿಟ್ಟು ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ. ತಿರುಗಿ ಬಂದರೆ ಅವರು ಚಿತ್ರದ ಮುಂದೆ ರುಮಾಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಕೈ ಮುಗಿದು ನಿಂತಿದ್ದಾರೆ. ನಾನು ಬಾಗಿಲಿಗೆ ಆನಿಕೊಂಡು ಪೂರ್ತಿ ಮುಗಿಯುವವರೆಗೆ ಕಾದೆ.

ಕಣ್ಣು ತೆರೆದು ಮೊದಲು ಕೇಳಿದ್ದು: "ಲಿಂಗಾ ಕಟ್ಟಿದೇನು?"

"ಕಟ್ಟಿದೆನ್ರಿ. ನೀಲವ್ವ ಅಂತ ಹೆಸರ ಇಟ್ಟೇನಿ. ಹಣಿ ನಿಮ್ಮದ ಐತಿ."

ಅವರು ಮುಖ ತಿರುಗಿಸಿದರು. ಆಮೇಲೆ ಚಿತ್ರ ತೋರಿಸಿದರು. "ಕಟ್ಟಾಕ ಬಿಟ್ರು ಅಂದ್ರ ಅಲ್ಲೂ ನಮ್ಮವರು ಅದಾರಂದಂಗಾತು. ಯಾವ ಮಠದವ್ರು ಈ ಅಜ್ಜಾರು? ಭಾಳ ತೇಜಾ ಐತಿ ಮುಖದಾಗ."

"ಅಜ್ಜಾರಲ್ಲರಿ. ಅಕಿ ನಮ್ಮ ಬೀಗತಿ."

ಯಜಮಾನರು ನನ್ನನ್ನು ನೋಡಿದರು. ಚಿತ್ರ ನೋಡಿದರು. ಹತ್ತಿರ ಹೋಗಿ ಗಡ್ಡದ ಮೇಲೆ ಬೆರಳಿಟ್ಟು ಮೂಸಿಯೂ ನೋಡಿದರು.

"ಗಡ್ಡಾ?"

"ಮೇಕೀದು."

ಚಿತ್ರ ಕೆಳಗಿಳಿಸುತ್ತಾರೆ ಎಂದುಕೊಂಡೆ. ಅವರು ಗೂಡಿನ ಧೂಳನ್ನು ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿ, ವಾರೆಯಾಗಿದ್ದ ಹಲಗೆಯನ್ನು ನೆಟ್ಟಗೆ ಮಾಡಿದರು.

"ಇರಲಿ ಬಿಡು," ಅಂದರು. "ಕೈ ಮುಗದಾಗೇತಿ. ಇನ್ನ ತಿರಗಿ ತಗೋಳಾಕ ಬರೂದಿಲ್ಲ."